ಬಾಗಿಲಿನ ಅಳತೆ

ನನ್ನ ಅಪ್ಪ ಇಸಿದೋರ್ ಯಾರ ಮನೆಗೆ ಹೋದರೂ ಗೇಟಿನಿಂದ ಜಗಲಿಗೆ ತಲುಪಲು ಕಾಲು ಗಂಟೆ ಬೇಕಾಗುತ್ತಿತ್ತು. ಗೇಟನ್ನು ತೆರೆದು, ಮುಚ್ಚಿ, ಬಗ್ಗಿ ಬಿಜಾಗ್ರಿ ನೋಡಿ, ಓರೆಪಟ್ಟಿ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಎಂದು ಪರೀಕ್ಷಿಸಿ, ಆಮೇಲೆಯೇ ಮನೆಯವರ ಕಡೆ ತಿರುಗುತ್ತಿದ್ದರು. ಅಷ್ಟು ಹೊತ್ತಿಗೆ ಆ ಮನೆಯ ನಾಯಿ ಬೊಗಳಿ ಬೊಗಳಿ ಸುಸ್ತಾಗಿ ಮಲಗಿರುತ್ತಿತ್ತು. "ಓರೆಪಟ್ಟಿ ಉಲ್ಟಾ ಹೊಡೆದಿದ್ದಾನೆ. ಎರಡು ಮಳೆಗಾಲದಲ್ಲಿ ಇದರ ಮೂಗು ನೆಲಕ್ಕೆ ತಾಗ್ತದೆ," ಎಂದು ಅಪ್ಪ ಹೇಳಿದರೆ ಮನೆಯವರು ನಗುತ್ತಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಅವರೇ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಮನೆ ಬಿಕರ್ನಕಟ್ಟೆಯಿಂದ ಕೆಳಗಿಳಿಯುವ ದಾರಿಯಲ್ಲಿತ್ತು. ಅಪ್ಪ ಮೊದಲು ಒಂದು ಓಡಿನ ಕಾರ್ಖಾನೆಯಲ್ಲಿ ಮರದ ಕೆಲಸಕ್ಕಿದ್ದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದನ್ನು ಬಿಟ್ಟರು. ಮನೆಯ ಹಿಂದಿನ ಖಾಲಿ ಕೊಟ್ಟಿಗೆಯನ್ನು ಗುಡಿಸಿ, ಅಲ್ಲಿ ಒಂದು ದಪ್ಪ ಹಲಗೆಯ ಮೇಜು ಹಾಕಿ ಸ್ವಂತ ಕೆಲಸ ಶುರುಮಾಡಿದರು. ಕುರ್ಚಿ, ಮಂಚ ಎಂದು ಕೇಳಿಕೊಂಡು ಬಂದವರನ್ನು ಬೇರೆಯವರ ಹತ್ತಿರ ಕಳಿಸುತ್ತಿದ್ದರು. ಅವರು ಮಾಡುತ್ತಿದ್ದದ್ದು ಗೇಟು ಮಾತ್ರ. ಹಿತ್ತಲಿಗೆ, ಮಲ್ಲಿಗೆ ತೋಟಕ್ಕೆ, ತೆಂಗಿನ ತೋಟಕ್ಕೆ, ಮನೆಯ ಎದುರಿನ ಹೂವಿನ ಅಂಗಳಕ್ಕೆ. ಕಿರಾಲುಬೋಗಿಯ ಮರ ಸಿಕ್ಕಿದ ದಿನ ಅವರಿಗೆ ಹಬ್ಬ. ಇಲ್ಲದಿದ್ದರೆ ಹಳೆಯ ಹಲಸು ಆಗುತ್ತಿತ್ತು. ಕಬ್ಬಿಣದ ಮೊಳೆಯನ್ನು ಉಪ್ಪುಗಾಳಿ ತಿನ್ನುತ್ತದೆಂದು ಬಿದಿರಿನ ಮೊಳೆಯನ್ನೇ ಹೊಡೆಯುತ್ತಿದ್ದರು. ಗೇಟು ಕೂರಿಸಿ ಆದ ಮೇಲೆ ಅದನ್ನು ಪೂರ್ತಿ ತೆರೆದು ಕೈಬಿಟ್ಟು ಕಣ್ಣು ಮುಚ್ಚಿ ನಿಲ್ಲುವರು. ಅದು ತಾನಾಗಿ ಮೆಲ್ಲಗೆ ಬಂದು, ಕಂಬಕ್ಕೆ ತಾಗಿ, ಒಂದೇ ಒಂದು ಸಲ ಟಕ್ ಎನ್ನಬೇಕು. ಎರಡು ಸಲ ಅಂದರೆ ಪುನಃ ಬಿಚ್ಚುತ್ತಿದ್ದರು.

ನಮ್ಮ ಮನೆಗೆ ಮಾತ್ರ ಗೇಟು ಇರಲಿಲ್ಲ. ಎರಡು ಬಿದಿರು ಅಡ್ಡ ಹಾಕಿದ ದಣಪೆ ಇತ್ತು. "ಊರಿಗೆಲ್ಲ ಗೇಟು, ಮೇಸ್ತ್ರಿ ಮನೆಗೆ ದಣಪೆ," ಎಂದು ನನ್ನ ಅಮ್ಮ ಎಸ್ತೆರ್ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಅಪ್ಪ ಕೇಳಿಸಲಿಲ್ಲವೆಂಬಂತೆ ಕೀಸುಳಿ ತಳ್ಳುತ್ತಿದ್ದರು.

ನಾನು ಅವರ ಒಬ್ಬಳೇ ಮಗಳು ಕ್ರಿಸ್ಟಿನ್. ಟ್ರೈನಿಂಗ್ ಮುಗಿಸಿ ವಾಮಂಜೂರಿನ ಕಡೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಂದ ಹತ್ತು ಸಲ ಬರೆಸುತ್ತಿದ್ದವಳು. ನನ್ನ ನಾಲಗೆ ಚೂಪು ಎಂದು ನಮ್ಮ ದಾರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನ ಬಗ್ಗೆ ಬರೆಯಲು ಕುಳಿತವಳು ನನ್ನ ಬಗ್ಗೆಯೂ ಬರೆಯದೆ ವಿಧಿಯಿಲ್ಲ. ನನಗೆ ಅದು ಇಷ್ಟವಿಲ್ಲ, ಆದರೂ ಬರೆಯುತ್ತೇನೆ.

ಅಪ್ಪನಿಗೆ ಇದ್ದ ಒಬ್ಬನೇ ಒಬ್ಬ ಗೆಳೆಯ ಮುದ್ದು ಆಚಾರಿ. ಎರಡು ಗದ್ದೆ ಆಚೆ ಅವರ ಮನೆ. ಆಚಾರಿ ಮನೆ ಕಟ್ಟುವವರು, ಅದಕ್ಕಿಂತ ಹೆಚ್ಚಾಗಿ ಮನೆಗೆ ಆಯ ಹೇಳುವವರು. ನಮ್ಮ ಕಡೆ ಬಾಗಿಲನ್ನು ಮನಸ್ಸಿಗೆ ಬಂದ ಅಗಲಕ್ಕೆ ಇಡುವುದಿಲ್ಲ. ಅಳತೆಯನ್ನು ಲೆಕ್ಕ ಹಾಕಿ ಎಂಟರಿಂದ ಭಾಗಿಸಿ ಒಂದು ಉಳಿದರೆ ಧ್ವಜಾಯ, ಮನೆಗೆ ಏಳಿಗೆ. ಎರಡು ಉಳಿದರೆ ಧೂಮಾಯ, ಮನೆಯಲ್ಲಿ ಹೊಗೆ ಆಡುತ್ತದೆ ಎನ್ನುತ್ತಾರೆ. ಹಿಂದುಗಳಷ್ಟೇ ಅಲ್ಲ, ನಮ್ಮ ಕೊಂಕಣಿ ಕ್ರೈಸ್ತರೂ ಪಾದ್ರಿಗಳಿಗೆ ತಿಳಿಯದ ಹಾಗೆ ಮುದ್ದು ಆಚಾರಿಯನ್ನು ಕರೆಸಿ ಆಯ ಕೇಳುತ್ತಿದ್ದರು. ನನ್ನ ಅಪ್ಪ ಇದನ್ನು ನಂಬುತ್ತಿರಲಿಲ್ಲ. ಆದರೆ ಆಚಾರಿಯನ್ನು ನಂಬುತ್ತಿದ್ದರು.

ಐವತ್ತೇಳರಲ್ಲಿ ವಾಮಂಜೂರಿನ ಗದ್ದೆಗಳ ಪಕ್ಕದಲ್ಲಿ ಚೆನ್ನಪ್ಪ ಎಂಬವರು ಹೊಸ ಮನೆ ಕಟ್ಟಿಸಿದರು. ಒಳ್ಳೆಯ ಕುಳ. ಮನೆಯ ಕೆಲಸ ಮುದ್ದು ಆಚಾರಿಯದು. ಎದುರಿನ ಹೂದೋಟಕ್ಕೆ ಗೇಟು ಆಗಬೇಕು, ಅದಕ್ಕೂ ಆಯ ಕೂಡಬೇಕು ಎಂದು ಚೆನ್ನಪ್ಪನವರ ಆಸೆ. ಆಚಾರಿ ಲೆಕ್ಕ ಹಾಕಿ, ಅಷ್ಟೇ ಉದ್ದಕ್ಕೆ ಅಡಿಕೆ ಮರದ ಒಂದು ಸಲಾಕೆ ಕಡಿದರು. ಮೊದಲು ಅದು ಕಂಬ ಕಟ್ಟುವ ಶುಕೂರ್ ಬ್ಯಾರಿಯ ಕೈಗೆ ಹೋಯಿತು. ಅವನು ಅದನ್ನು ನಡುವೆ ಹಿಡಿದು ಎರಡು ಮುರಕಲ್ಲಿನ ಕಂಬ ಏರಿಸಿದ. ಆಮೇಲೆ ಆಚಾರಿ ಅದೇ ಸಲಾಕೆಯನ್ನು ನಮ್ಮ ಕೊಟ್ಟಿಗೆಗೆ ತಂದು ಅಪ್ಪನ ಮೇಜಿನ ಮೇಲಿಟ್ಟರು.

"ಪೊರ್ಬುಳೇ, ಇದು ಬಾಗಿಲಿನ ಅಳತೆ," ಎಂದರು. ತುಳುವರು ನಮ್ಮವರನ್ನು ಕರೆಯುವುದೇ ಹಾಗೆ. "ಒಂದು ನೂಲು ಹೆಚ್ಚು ಬೇಡ, ಒಂದು ನೂಲು ಕಮ್ಮಿ ಬೇಡ. ಧ್ವಜಾಯ ಕೂಡಿಸಿ ತೆಗ್ದದ್ದು."

"ನನಗೆ ಅದು ಹೇಳ್ಬೇಕಾ ಆಚಾರ್ರೇ?" ಎಂದರು ಅಪ್ಪ.

ಹೇಳಬೇಕಾಗಿತ್ತು. ಮನೆ ಕಟ್ಟುವ ಆಚಾರಿಗೆ ಬಾಗಿಲೆಂದರೆ ಎರಡು ಕಂಬಗಳ ನಡುವಿನ ಖಾಲಿ ಜಾಗ. ಮರವನ್ನು ಅವರು ಕದ ಎನ್ನುತ್ತಾರೆ. ಗೇಟು ಮಾಡುವ ನನ್ನ ಅಪ್ಪನಿಗೆ ಬಾಗಿಲೆಂದರೆ ಮರವೇ. ಬೇರೆ ದಿನಗಳಲ್ಲಿ ಅವರೇ ಹೋಗಿ ಕಂಬದಿಂದ ಕಂಬಕ್ಕೆ ಅಳೆದು, ಬಿಜಾಗ್ರಿಗೆ ಇಷ್ಟು, ಮಳೆಗೆ ಮರ ಉಬ್ಬುವುದಕ್ಕೆ ಇಷ್ಟು ಎಂದು ಕಳೆಯುತ್ತಿದ್ದರು. ಈ ಸಲ ಆಚಾರಿಯೇ ಲೆಕ್ಕ ಮಾಡಿ ಕೊಟ್ಟಿದ್ದಾರಲ್ಲ ಎಂದು ಗೇಟನ್ನು ಸರಿಯಾಗಿ ಸಲಾಕೆಯಷ್ಟೇ ಅಗಲ ಮಾಡಿದರು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ.

ಅಂಥ ಗೇಟನ್ನು ಅವರು ಅದಕ್ಕಿಂತ ಮೊದಲು ಮಾಡಿರಲಿಲ್ಲ. ಪೂರ್ತಿ ಕಿರಾಲುಬೋಗಿ. ಎರಡೂ ಬದಿಯ ಉದ್ದಪಟ್ಟಿಗೆ ಮೇಲಿನಿಂದ ಕೆಳಗಿನವರೆಗೆ ಸಣ್ಣ ಬಳ್ಳಿಯ ಕೆತ್ತನೆ ಹಾಕಿದ್ದರು. ಗೃಹಪ್ರವೇಶದ, ನಮ್ಮ ಕಡೆಯ ಮಾತಿನಲ್ಲಿ ಒಕ್ಕಲಿನ, ಹಿಂದಿನ ದಿನ ಮಧ್ಯಾಹ್ನ ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಹೋದರು. ನಾನು ಶಾಲೆ ಬಿಟ್ಟವಳು ನೋಡಲೆಂದು ನೇರ ಅಲ್ಲಿಗೇ ಹೋದೆ. ಚೆನ್ನಪ್ಪನವರು ನೆಂಟರನ್ನು ಕರೆತರಲು ಉಳ್ಳಾಲಕ್ಕೆ ಹೋಗಿದ್ದರು. ಮನೆಯವರೆಲ್ಲ ಹಿಂದೆ ಚಪ್ಪರದ ಗಡಿಬಿಡಿಯಲ್ಲಿದ್ದರು. ಗಾಡಿಯವನು ಗೇಟು ಇಳಿಸಿ ಹೊರಟುಹೋಗಿದ್ದ. ಅಪ್ಪ ಒಬ್ಬರೇ ಕಂಬದ ಹತ್ತಿರ ಕುಳಿತಿದ್ದರು.

ಗೇಟು ಎರಡು ಕಂಬಗಳ ನಡುವೆ ಹೋಗುತ್ತಿರಲಿಲ್ಲ.

ನಾನು ಮೊದಲು ನಕ್ಕೆ. "ಎಂತ ಪಪ್ಪ, ನಿಮ್ಮ ಗೇಟು ಊಟ ಹೆಚ್ಚು ಮಾಡಿದ್ದಾ?" ಎಂದೆ. ಅವರು ತಲೆ ಎತ್ತಿದಾಗ ನನ್ನ ನಗು ನಿಂತಿತು. ನಾಲ್ವತ್ತೈದು ದಾಟಿದ ಗಂಡಸಿನ ಮುಖ ಪರೀಕ್ಷೆಯಲ್ಲಿ ಫೇಲಾದ ಮಗುವಿನ ಹಾಗೆ ಆಗಿತ್ತು.

"ಆಚಾರ್ರನ್ನು ಕರೀಲಾ?" ಎಂದು ಕೇಳಿದೆ.

"ಬೇಡ ಮಗಾ. ಅವರು ನಗ್ತಾರೆ."

ಗೇಟನ್ನು ಕೀಸಬಹುದಿತ್ತು. ಒಂದು ಹೆಬ್ಬೆರಳಿನಷ್ಟು ಕೀಸಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಬದಿಯ ಬಳ್ಳಿ ಹೋಗುತ್ತಿತ್ತು. ಅಪ್ಪ ಆ ಬಳ್ಳಿಯ ಮೇಲೆ ಕೈಯಾಡಿಸುತ್ತ ಸ್ವಲ್ಪ ಹೊತ್ತು ಕುಳಿತರು. ಮತ್ತೆ ಎದ್ದು, ಉಳಿ ತೆಗೆದು, ಕಂಬದ ಒಳಬದಿಯ ಮುರಕಲ್ಲನ್ನು ಮೇಲಿನಿಂದ ಕೆಳಗೆ ಒಂದು ಹೆಬ್ಬೆರಳಿನಷ್ಟು ಕೆತ್ತಿಬಿಟ್ಟರು. ಹೊಸ ಮುರಕಲ್ಲು ಮೆದು, ಅರ್ಧ ಗಂಟೆಯಲ್ಲಿ ಆಯಿತು. ಕೆಂಪು ಪುಡಿಯನ್ನು ಕಾಲಿನಿಂದ ಸರಿಸಿ ಮಣ್ಣಿಗೆ ಸೇರಿಸಿದರು. ಗೋಡೆಗೆ ಬಳಿದು ಮಿಕ್ಕಿದ ಸುಣ್ಣದ ಬಾಲ್ದಿ ಜಗಲಿಯ ಬದಿಯಲ್ಲಿತ್ತು. ಅದನ್ನು ತಂದು ಕೆತ್ತಿದ ಜಾಗಕ್ಕೆ ಬಳಿದವಳು ನಾನು. ಶಾಲೆಯ ಬೋರ್ಡಿಗೆ ಬಣ್ಣ ಬಳಿದು ನನಗೆ ಅಭ್ಯಾಸವಿತ್ತು. ನೀಟಾಗಿ ಬಳಿದೆ.

ಗೇಟು ಕೂತಿತು. ಅಪ್ಪ ಕೈಬಿಟ್ಟರು. ಅದು ಮೆಲ್ಲಗೆ ಬಂದು ಒಂದೇ ಸಲ ಟಕ್ ಎಂದಿತು. ಅವತ್ತು ಅವರು ಕಣ್ಣು ಮುಚ್ಚಿ ನಿಲ್ಲಲಿಲ್ಲ.

"ಒಂದು ಹೆಬ್ಬೆರಳಿನಲ್ಲಿ ಎಂತ ಉಂಟು," ಎಂದು ದಾರಿಯಲ್ಲಿ ನನಗೆ ಹೇಳಿದರು. ನನಗೂ ಹಾಗೆಯೇ ಅನಿಸಿತು. ಮರುದಿನ ಒಕ್ಕಲಿಗೆ ಬಂದವರೆಲ್ಲ ಗೇಟನ್ನು ತೆರೆದು ಮುಚ್ಚಿ ಹೊಗಳಿದರು. ಚೆನ್ನಪ್ಪನವರು ಅಪ್ಪನಿಗೂ ಆಚಾರಿಗೂ ವೀಳ್ಯದ ಜೊತೆ ಒಂದೊಂದು ಪಂಚೆ ಕೊಟ್ಟರು. ಮುದ್ದು ಆಚಾರಿ ಗೇಟಿನ ಬಳ್ಳಿಯನ್ನು ಸವರಿ, "ನನ್ನ ಅಳತೆ, ಪೊರ್ಬುಗಳ ಕೈ," ಎಂದು ಎಲ್ಲರ ಎದುರು ಹೇಳಿದರು.

ಮುಂದಿನ ಮಳೆಗಾಲದಲ್ಲಿ ಚೆನ್ನಪ್ಪನವರ ಹಾಲು ಕರೆಯುವ ಎರಡು ದನ ಸತ್ತವು. ಅದರ ಹಿಂದೆಯೇ ಅವರ ತಮ್ಮ ಗುಣಪಾಲ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಮನೆಯವರು ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ನೋಡಿ, ಮನೆಯ ಪ್ರವೇಶದಲ್ಲಿ ದೋಷವುಂಟು, ಅಳೆಯಿಸಿ ಎಂದರು. ಅಳೆಸಿದರು. ಧ್ವಜ ಇರಬೇಕಾದಲ್ಲಿ ಧೂಮ ಬಂತು.

ಶುಕೂರ್‌ನನ್ನು ಕರೆದು ಕೇಳಿದರು. ಅವನು, "ಆಚಾರಿ ಕೊಟ್ಟ ಸಲಾಕೆ ಹಿಡಿದೇ ಕಂಬ ಇಟ್ಟದ್ದು, ಬೇಕಾದ್ರೆ ಆಣೆ ಹಾಕ್ತೇನೆ," ಎಂದ. ಅದು ನಿಜವೇ. ಮುದ್ದು ಆಚಾರಿಯೂ ಬಂದು ಊರವರ ಎದುರು ಮೂರು ಸಲ ಅಳೆದರು. ಮೂರು ಸಲವೂ ಒಂದು ಹೆಬ್ಬೆರಳು ಹೆಚ್ಚು. ಅವರು ತಮ್ಮ ಅಳತೆಯ ಕೋಲನ್ನು ಕಂಕುಳಲ್ಲಿಟ್ಟುಕೊಂಡು ನಡೆದುಹೋದರಂತೆ. ಆ ವಾರವೇ ಸುದ್ದಿ ನಮ್ಮ ದಾರಿಗೂ ಬಂತು. ಆಚಾರಿಗೆ ವಯಸ್ಸಾಯಿತು, ಲೆಕ್ಕ ತಪ್ಪುತ್ತದೆ, ಅವರು ಆಯ ಹೇಳಿದ ಬೇರೆ ಮನೆಗಳನ್ನೂ ಅಳೆಸಬೇಕು ಎಂದು ಜನ ಮಾತಾಡತೊಡಗಿದರು. ದನ ಸತ್ತದ್ದು ಆಯದಿಂದಲ್ಲ, ರೋಗದಿಂದ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಆಚಾರಿಯ ಹೆಸರು ಕೆಟ್ಟದ್ದು ನಮ್ಮಿಂದಲೇ.

ಒಂದು ಸಂಜೆ ಅವರು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಅಮ್ಮ ಚರ್ಚಿಗೆ ಹೋಗಿದ್ದಳು. ನಾನು ಅಕ್ಕಿ ತೊಳೆಯುತ್ತಿದ್ದೆ. ಬೆಲ್ಲ, ನೀರು ಕೊಟ್ಟೆ.

"ಮಗಾ, ನಾನು ಕೊಟ್ಟ ಆ ಅಡಿಕೆ ಸಲಾಕೆ ಉಂಟಾ?" ಎಂದು ಕೇಳಿದರು. "ಒಮ್ಮೆ ನೋಡ್ಬೇಕಿತ್ತು. ನಾನು ಕಡಿದದ್ದೇ ತಪ್ಪಾ, ಎಂತ ಅಂತ."

ಸಲಾಕೆ ನನ್ನ ಹಿಂದೆಯೇ, ಬಾಗಿಲಿನ ಮೂಲೆಯಲ್ಲಿತ್ತು; ಮೆಟ್ಟಿಲಲ್ಲಿ ಕುಳಿತ ಆಚಾರಿಗೆ ನಾನು ಅಡ್ಡವಾಗಿದ್ದೆ. ಅಮ್ಮ ಅದರಿಂದ ಕೋಳಿ ಓಡಿಸುತ್ತಿದ್ದಳು. ಅಷ್ಟರಲ್ಲಿ ಅಪ್ಪ ಕೊಟ್ಟಿಗೆಯಿಂದ ಬಂದು ಆಚಾರಿಯ ಹಿಂದೆ ನಿಂತರು. ಅವರಿಗೆ ಸಲಾಕೆ ಕಂಡಿತು. ನನ್ನ ಮುಖ ನೋಡಿದರು. ಅವರು ಬಾಯಿ ತೆರೆದದ್ದನ್ನು ನಾನು ನೋಡಿದ್ದೇನೆ. ಅದನ್ನು ಇಲ್ಲಿ ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

"ಅದು ಆಗಲೇ ಒಲೆಗೆ ಹೋಯ್ತು ಆಚಾರ್ರೇ," ಎಂದೆ ನಾನು.

ಆಗ ಬಾಸಿಲ್ ಎಂಬವರ ಜೊತೆ ನನ್ನ ಮದುವೆ ಗೊತ್ತಾಗಿ, ಯಾರದಾದರೂ ತಕರಾರಿದ್ದರೆ ಹೇಳಲೆಂದು ಚರ್ಚಿನಲ್ಲಿ ಎರಡು ಆದಿತ್ಯವಾರ ನಮ್ಮಿಬ್ಬರ ಹೆಸರು ಕರೆದಾಗಿತ್ತು. ಒಕ್ಕಲಿನ ಮನೆಯ ಕಂಬ ಕದ್ದು ಕೆತ್ತಿದವನ ಮಗಳು ಎಂದು ಬಾಸಿಲರ ಮನೆಗೆ ತಿಳಿದರೆ ಎಂತ ಗತಿ ಎಂದು ನಾನು ಯೋಚಿಸಿದೆ. ಅಪ್ಪನಿಗಾಗಿ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು, ನಾನು ಹೇಳಿದ್ದು ನನಗಾಗಿ.

"ಒಲೆಗೆ ಹೋಗಿರ್ಲಿಕ್ಕೆ ಸಾಕು. ಅದನ್ನು ಯಾರು ಇಟ್ಕೊಳ್ತಾರೆ," ಎಂದು ಆಚಾರಿ ನೀರು ಕುಡಿದು ಹೋದರು. ಅಪ್ಪ ಬಾಯಿ ಮುಚ್ಚಿಕೊಂಡು ಕೊಟ್ಟಿಗೆಗೆ ಮರಳಿದರು. ಆಚಾರಿ ದಣಪೆ ದಾಟುವವರೆಗೆ ಕಾದು, ನಾನು ಸಲಾಕೆಯನ್ನು ಮೊಣಕಾಲಿಗೆ ಕೊಟ್ಟು ನಾಲ್ಕು ತುಂಡು ಮಾಡಿ ಒಲೆಗೆ ಇಟ್ಟೆ. ಕುಚ್ಚಲಕ್ಕಿ ಕುದಿಯುವ ಮೊದಲೇ ಅದು ಉರಿದುಹೋಯಿತು.

ನನ್ನ ಮದುವೆ ಚೆನ್ನಾಗಿ ನಡೆಯಿತು. ಮುದ್ದು ಆಚಾರಿ ಬಂದು ಮೂಲೆಯಲ್ಲಿ ಕುಳಿತು ಊಟ ಮಾಡಿ ಹೋದರು. ಆ ಹೊತ್ತಿಗೆ ಅವರು ಆಯ ಹೇಳುವುದನ್ನೇ ಬಿಟ್ಟಿದ್ದರು. ಕೇಳಲು ಬರುತ್ತಿದ್ದವರು ಕಡಿಮೆಯಾಗಿದ್ದರು. ಬಂದ ಒಬ್ಬಿಬ್ಬರಿಗೂ ಅವರೇ, "ಬೇಡ ಮಾರಾಯ, ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ," ಎನ್ನುತ್ತಿದ್ದರು. ಊರಿಗೆ ಮನೆ ಕಟ್ಟಿಕೊಟ್ಟ ಮನುಷ್ಯ ಬಾವಿಯ ರಾಟೆ, ಕುಳಿತುಕೊಳ್ಳುವ ಮಣೆ, ಉಪ್ಪಿನ ಮರಿಗೆ ಮಾಡಿಕೊಂಡು ಕುಳಿತರು.

ಅಪ್ಪ ಅವರಿಗೆ ಕೆಲಸ ಹುಡುಕಿ ಹುಡುಕಿ ಕೊಡುತ್ತಿದ್ದರು. ಬೇಕಿಲ್ಲದಿದ್ದರೂ ರಾಟೆ ಮಾಡಿಸಿದರು. ನಮ್ಮ ಮನೆಯಲ್ಲಿ ಒಂದು ಬಾವಿಗೆ ಮೂರು ರಾಟೆಗಳಿದ್ದವು. ಒಮ್ಮೆ ಆಚಾರಿ, "ಊರಲ್ಲಿ ನನ್ನ ಮೇಲೆ ನಂಬಿಕೆ ಇಟ್ಟದ್ದು ನೀವೊಬ್ಬರು ಪೊರ್ಬುಳೇ," ಎಂದರಂತೆ. ಆ ದಿನ ಅಪ್ಪ ಮನೆಗೆ ಬಂದು ಊಟ ಮಾಡದೆ ಮಲಗಿದರೆಂದು ಅಮ್ಮ ಹೇಳಿದಳು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳಿಗೆ ಇನ್ನೂ ಒಂದು ಅರ್ಥವಾಗಿರಲಿಲ್ಲ. ಅಪ್ಪ ಪ್ರತಿ ಆದಿತ್ಯವಾರ ಚರ್ಚಿನ ಪೂಜೆಗೆ ಹೋಗುತ್ತಿದ್ದರು, ಆದರೆ ಪಾದ್ರಿಗಳು ಕೊಡುವ ಪರಮಪ್ರಸಾದಕ್ಕೆ ಏಳುತ್ತಿರಲಿಲ್ಲ. ಎಲ್ಲರೂ ಎದ್ದು ಸಾಲು ಹೋಗುವಾಗ ಅವರು ಬೆಂಚಿನಲ್ಲಿ ಒಬ್ಬರೇ ಕುಳಿತಿರುವರು. ಪಾಪನಿವೇದನೆಯಲ್ಲಿ ಪಾದ್ರಿಗಳು, ಮೊದಲು ಆ ಮನುಷ್ಯನಿಗೆ ಹೇಳಿ ಬಾ, ಆಮೇಲೆ ನನ್ನ ಹತ್ತಿರ ಬಾ ಎಂದಿದ್ದರಂತೆ. ಪಾಪಕ್ಕೆ ಕ್ಷಮೆ ಸಿಗದವರು ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಇದನ್ನು ಅಪ್ಪ ನನಗೆ ಮಾತ್ರ ಹೇಳಿದರು. ಜನ ಬಾಯಿಗೆ ಬಂದಂತೆ ಆಡಿಕೊಂಡರು. ಕುಡಿಯುತ್ತಾರೆ ಎಂದರು, ಬೇರೆ ಹೆಂಗಸಿದ್ದಾಳೆ ಎಂದರು. ಅಮ್ಮ ಅತ್ತಳು. ಅಪ್ಪ ಅದನ್ನೆಲ್ಲ ಕೇಳಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಯಾರಾದರೂ ಆಚಾರಿಯ ತಪ್ಪು ಲೆಕ್ಕದ ಮಾತೆತ್ತಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಹಾಗೆ ಅಲ್ಲಿಂದ ಎದ್ದು ಹೋಗುತ್ತಿದ್ದರು. ನಾನಂತೂ ಪ್ರತಿ ವಾರ ಪರಮಪ್ರಸಾದ ತೆಗೆದುಕೊಂಡೆ. ಒಂದು ಸಲವೂ ನನಗೆ ಅಳುಕಾಗಲಿಲ್ಲ. ಈಗ ನಾಚಿಕೆಯಾಗುವುದು ಅದಕ್ಕೇ ಹೆಚ್ಚು.

ಅರವತ್ತೈದರ ಮೇ ರಜೆಯಲ್ಲಿ ನಾನು ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಮುದ್ದು ಆಚಾರಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಹಿಡಿದುಕೊಂಡು ಬಂದರು. ಅವರ ಮಗಳು ಕಿನ್ನಿಯ ಗಂಡ ಸಣ್ಣ ಮನೆ ಕಟ್ಟಿಸುತ್ತಿದ್ದ. ಆಚಾರಿ ಬಟ್ಟೆ ಬಿಚ್ಚಿದರು. ಒಳಗೆ ಅವರ ಅಳತೆಯ ಕೋಲು. ಕೈಯಿಂದ ಕೈಗೆ ಬಂದು ನುಣುಪಾದ ಕೋಲು, ಅವರ ಅಜ್ಜನ ಕಾಲದ್ದು.

"ಮಗಳ ಮನೆ ಪೊರ್ಬುಳೇ," ಎಂದರು. "ಲೆಕ್ಕ ನಾನು ಹೇಳ್ತೇನೆ. ಅಳೆಯೋದು ನೀವು ಅಳೀರಿ. ನನ್ನ ಕೈಗೆ ಅವಳ ಮನೆ ಬಿಡ್ಲಿಕ್ಕೆ ನನಗೆ ಹೆದರಿಕೆ. ನಿಮ್ಮ ಕೈ ತಪ್ಪುವುದಿಲ್ಲ."

ಕೋಲನ್ನು ಅಪ್ಪನ ಕೈಯಲ್ಲಿ ಇಟ್ಟು ಹೋದರು. ಅಪ್ಪ ಅದನ್ನು ಮೇಜಿನ ಮೇಲೆ ಇಡಲೂ ಇಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತರು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನಾನು ಹೋಗಿ ಹೇಳ್ತೇನೆ," ಎಂದರು.

"ಈಗ ಹೇಳಿ ಎಂತ ಪ್ರಯೋಜನ ಪಪ್ಪ?" ಎಂದು ನಾನು ರೇಗಿದೆ. "ಏಳು ವರ್ಷ ಸುಮ್ಮನಿದ್ದು ಈಗ ಊರಿಡೀ ನಗ್ಲಿಕ್ಕಾ? ನನ್ನ ಮನೆಯವರಿಗೆ ನಾನು ಎಂತ ಹೇಳ್ಲಿ?"

"ನೀನು ಎಂತವೂ ಹೇಳ್ಬೇಡ. ನನ್ನ ಜೊತೆ ಬಾ, ಅಷ್ಟೇ. ನನಗೆ ಒಬ್ಬನಿಗೆ ಕಾಲು ಬರುವುದಿಲ್ಲ."

ಹೋದೆವು. ಆಚಾರಿ ಜಗಲಿಯಲ್ಲಿ ಮಣೆಯೊಂದನ್ನು ಕೀಸುತ್ತಿದ್ದರು. ಅಪ್ಪ ಕೋಲನ್ನು ಅವರ ಪಕ್ಕದಲ್ಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬಾಗಿಲೆಂದರೆ ಕದ ಎಂದು ತಿಳಿದದ್ದು, ಬಳ್ಳಿಯ ಮೇಲಿನ ಆಸೆಗೆ ಕಂಬ ಕೆತ್ತಿದ್ದು, ಸುಣ್ಣ ಬಳಿದದ್ದು. ಸುಣ್ಣ ಬಳಿದದ್ದೂ ತಾನೇ ಎಂದರು.

ಆಚಾರಿ ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಪೊರ್ಬುಳೇ, ನೀವು ಒಳ್ಳೆಯವರು. ನನಗೆ ಸಮಾಧಾನ ಆಗ್ಲಿ ಅಂತ ನಿಮ್ಮ ತಲೆ ಮೇಲೆ ಎಳ್ಕೊಳ್ತೀರಿ. ನಿಮ್ಮಂಥವರು ಕದಕ್ಕೆ ಎಡೆ ಬಿಡುವುದು ಮರೀತಾರಾ? ಸಣ್ಣ ಹುಡುಗರೂ ಮರೆಯುವುದಿಲ್ಲ. ಆ ಸಲಾಕೆಯಾದರೂ ಇದ್ದಿದ್ರೆ ನೋಡ್ಬಹುದಿತ್ತು, ಅದೂ ಇಲ್ಲ. ತಪ್ಪು ನನ್ನದೇ. ನಾನು ಎಂದೋ ಒಪ್ಪಿಯಾಗಿದೆ."

ಅಪ್ಪ ಇನ್ನೊಮ್ಮೆ ಹೇಳಿದರು. ಆಚಾರಿ ತಲೆಯಾಡಿಸಿ ಮಣೆಯನ್ನು ಕೈಗೆತ್ತಿಕೊಂಡರು. ಅಪ್ಪ ಸೋತು ನಿಂತರು. ಅವರು ನನ್ನ ಕಡೆ ನೋಡಲಿಲ್ಲ. ಒಂದು ಸಲ ನೋಡಿದ್ದರೂ ನಾನು ಸಿಟ್ಟು ಮಾಡಿ ಸುಮ್ಮನಿರುತ್ತಿದ್ದೆನೋ ಏನೋ. ಅವರು ನೆಲ ನೋಡುತ್ತಿದ್ದರು. ನನ್ನ ಸುಳ್ಳನ್ನು ಕಾಪಾಡಲು ಅವರು ಇನ್ನೊಬ್ಬರ ಕಣ್ಣಲ್ಲಿ ಸುಳ್ಳುಗಾರರಾಗಿ ನಿಂತಿದ್ದರು.

"ಸಲಾಕೆ ಇತ್ತು ಆಚಾರ್ರೇ," ಎಂದೆ. "ನೀವು ಕೇಳ್ಲಿಕ್ಕೆ ಬಂದ ದಿನ ನನ್ನ ಹಿಂದೆ ಬಾಗಿಲ ಮೂಲೆಯಲ್ಲೇ ಇತ್ತು. ಸುಳ್ಳು ಹೇಳಿದ್ದು ನಾನು. ನೀವು ಹೋದ ಮೇಲೆ ಮುರಿದು ಒಲೆಗೆ ಹಾಕಿದ್ದು ನಾನು. ಕಂಬಕ್ಕೆ ಸುಣ್ಣ ಬಳಿದದ್ದೂ ನಾನೇ. ಕೆತ್ತಿದ್ದನ್ನು ನನ್ನ ಕಣ್ಣಿಂದ ನೋಡಿದ್ದೇನೆ."

ಆಚಾರಿ ಮಣೆಯನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನನ್ನ ಅಳತೆ ಸರಿ ಇತ್ತಾ?" ಎಂದು ಕೇಳಿದರು.

"ಸರಿ ಇತ್ತು."

ಅವರು ತಮ್ಮ ಎರಡು ಕೈಗಳನ್ನು ಮುಂದೆ ಚಾಚಿ ನೋಡಿದರು. "ಈಗ ಇವು ನಡುಗ್ತವೆ," ಎಂದರು. "ಆಗ ನಡುಗ್ತಿರ್ಲಿಲ್ಲ." ಮತ್ತೆ ಒಳಗೆ ತಿರುಗಿ ಹೆಂಡತಿ ಬಾಗಿಯನ್ನು ಕರೆದರು. "ಬಾಗಿ, ಇಲ್ಲಿ ಬಾ. ಇನ್ನೊಮ್ಮೆ ಹೇಳು ಮಗಾ. ಇವಳೆದುರು ಹೇಳು."

ಬಾಗಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ನಿಂತಳು. ನಾನು ಪುನಃ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ನನ್ನನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಗಂಡನನ್ನು ನೋಡುತ್ತ ಕಂಬ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತಳು.

"ನಾನು ಇವರಿಗೆ ದಿನಾ ಹೇಳ್ತಿದ್ದೆ," ಎಂದಳು. "ಕಣ್ಣು ಕಾಣದಿದ್ರೆ ಕೋಲು ಯಾಕೆ ಹಿಡಿದ್ರಿ ಅಂತ. ಊಟಕ್ಕೆ ಬಡಿಸುವಾಗಲೂ ಹೇಳ್ತಿದ್ದೆ. ಏಳು ವರ್ಷ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಚಾರಿ ಕೈಯನ್ನು ಅವಳ ತಲೆಯ ಮೇಲಿಟ್ಟು, "ಇರ್ಲಿ, ನಿನಗೆ ಹೇಗೆ ಗೊತ್ತು," ಎಂದರು.

ನಮಗೆ ಹೋಗಿ ಎಂದು ಯಾರೂ ಹೇಳಲಿಲ್ಲ. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. ಅಪ್ಪ ಮತ್ತು ನಾನು ಅಂಗಳದಲ್ಲಿ ನಿಂತೇ ಇದ್ದೆವು.